ಎಚ್‌ಐವಿ ಮಾತ್ರೆ ಜೊತೆ ವಿಟಮಿನ್, ಗಿಡಮೂಲಿಕೆ ತಗೊಳ್ಳೋರು ಇದನ್ನ ಒಂದ್ಸಲ ಓದ್ಕೊಳ್ಳಿ

ವರ್ಷಗಟ್ಲೆ ನನ್ನ ವೈರಲ್ ಲೋಡ್ ರಿಪೋರ್ಟಲ್ಲಿ, ಅಂದ್ರೆ ರಕ್ತದಲ್ಲಿ ಎಷ್ಟು ವೈರಸ್ ಇದೆ ಅಂತ ನೋಡೋ ಟೆಸ್ಟಲ್ಲಿ, ಒಂದೇ ಪದ ಇರ್ತಿತ್ತು, ಅನ್‌ಡಿಟೆಕ್ಟಬಲ್, ಅಂದ್ರೆ ಟೆಸ್ಟಿಗೆ ಸಿಗದಷ್ಟು ಕಡಿಮೆ ಅಂತ. ಒಂದ್ಸಲ ಅದ್ರ ಜಾಗದಲ್ಲಿ ನಂಬರ್ ಬಂತು. ಒಂದು ದಿನಾನೂ ಮಾತ್ರೆ ತಪ್ಪಿಸಿದೋನಲ್ಲ ನಾನು, ಅಲಾರಂ ಇಟ್ಕೊಂಡು ತಗೊಳ್ಳೋನು, ಕೈಕಾಲೇ ಆಡ್ಲಿಲ್ಲ. ನರ್ಸ್ ಕೇಳಿದ್ರು ಬೇರೆ ಏನಾದ್ರೂ ಔಷಧಿ ತಗೊಳ್ತಿದ್ದೀರಾ ಅಂತ, ಇಲ್ಲ ಅಂದೆ. ಆಮೇಲೆ ಅವ್ರೇ ಪ್ರಶ್ನೆ ಬದಲಾಯಿಸಿದ್ರು, ಔಷಧಿ ಅನ್ನೋದು ಬಿಡಿ, ಬೆಳಗಿಂದ ರಾತ್ರಿವರೆಗೂ ಊಟ ನೀರು ಬಿಟ್ಟು ಬಾಯಿಗೆ ಏನೇನು ಹೋಗತ್ತೆ ಹೇಳಿ ಅಂತ. ಆಗ ಬಾಯಿ ಬಿಟ್ಟೆ, ಎದೆ ಉರಿ ಅಂತ ಎರಡು ಮೂರು ತಿಂಗಳಿಂದ ರಾತ್ರಿ ಮಾತ್ರೆ ನುಂಗಿದ ಕೂಡ್ಲೆ ಅಸಿಡಿಟಿ ಸಿರಪ್ ಕುಡೀತಿದ್ದೆ, ಬೆಳಗ್ಗೆ ತಗೊಳ್ಬೇಕಿದ್ದ ಕ್ಯಾಲ್ಸಿಯಂ ಮಾತ್ರೇನೂ ಮರೆತುಹೋಗಬಾರ್ದು ಅಂತ ಅದ್ರ ಜೊತೇಲೇ ಸೇರಿಸ್ಕೊಂಡಿದ್ದೆ. ಟೈಮ್ ಬದಲಾಯಿಸಿದ ಮೇಲೆ ಮುಂದಿನ ರಿಪೋರ್ಟ್ ಸರಿ ಬಂತು.

ಅವತ್ತಿಂದ ನಾನು ಎಲ್ಲರಿಗೂ ಹೇಳೋದು ಒಂದೇ ಮಾತು. ನಿಮ್ಮ ಎಆರ್‌ಟಿ ಮಾತ್ರೆಗೆ, ಅಂದ್ರೆ ಎಚ್‌ಐವಿ ಮಾತ್ರೆಗೆ, ದಿನದಲ್ಲಿ ಮೊದಲು ಜಾಗ ಕೊಡಿ, ವಿಟಮಿನ್ನು ಪೌಡರ್ರು ಕಷಾಯದ ಕ್ಯಾಪ್ಸೂಲು ಏನೇ ಇದ್ರೂ ಉಳಿದಿರೋ ಜಾಗದಲ್ಲಿ ಕೂತ್ಕೊಳ್ಳಲಿ, ಜಾಗ ಇಲ್ಲ ಅಂದ್ರೆ ಹೊರಗೇ ಇರಲಿ. ವಿಟಮಿನ್ ತಗೊಳ್ಳೋದು ತಪ್ಪು ಅಂತ ನಾನು ಹೇಳ್ತಿಲ್ಲ, ನಾನೂ ಇವತ್ತಿಗೂ ಎರಡು ತಗೊಳ್ತೀನಿ. ಆದ್ರೆ ಹೇಗೆ ತಗೊಳ್ಬೇಕು ಅನ್ನೋದು ಗೊತ್ತಿರ್ಬೇಕು.

ಮೊದಲು ಎಲ್ಲಾನೂ ಮೇಜಿನ ಮೇಲೆ ಹಾಕಿ

ನಿಜವಾಗ್ಲೂ ಹಾಕಿ, ಮನಸ್ಸಲ್ಲೇ ಲೆಕ್ಕ ಮಾಡ್ಬೇಡಿ. ಮಲ್ಟಿವಿಟಮಿನ್, ಕ್ಯಾಲ್ಸಿಯಂ, ಐರನ್, ಜಿಂಕ್, ಮೀನೆಣ್ಣೆ ಇವೆಲ್ಲ ನೆನಪಾಗತ್ತೆ, ಮರೆಯೋದು ಬೇರೆ ಥರದ್ದು: ಅಸಿಡಿಟಿ ಸಿರಪ್ಪು ಮತ್ತು ಚೀಪೋ ಮಾತ್ರೆ, ಮಲಬದ್ಧತೆಗೆ ತಗೊಳ್ಳೋ ಮೆಗ್ನೀಷಿಯಂ ಇರೋ ಔಷಧಿ, ಜಿಮ್‌ಗೆ ಹೋಗೋರ ಪ್ರೋಟೀನ್ ಪೌಡರ್, ನೀರಲ್ಲಿ ಹಾಕಿದ್ರೆ ಬುರಬುರ ಅನ್ನೋ ಮಾತ್ರೆ, ಕೂದಲು ಉದುರತ್ತೆ ಅಂತ ತಗೊಳ್ಳೋ ಬಯೋಟಿನ್, ನಿದ್ದೆ ಬರ್ಲಿ ಅಂತ ತಗೊಳ್ಳೋ ಹರ್ಬಲ್ ಟೀ, ತೂಕ ಇಳಿಸೋ ಕ್ಯಾಪ್ಸೂಲ್, ಗೆಳೆಯರು ಕೊಟ್ಟ ಲೇಬಲ್ಲೇ ಇಲ್ಲದ ಡಬ್ಬಿ. ಪ್ರತಿಯೊಂದರದ್ದೂ ಮುಂದಿನ ಭಾಗ, ಹಿಂದಿನ ಲೇಬಲ್ ಎರಡರ ಫೋಟೋ ತೆಗೆದು ಫೋನಲ್ಲಿ ಒಂದೇ ಕಡೆ ಇಟ್ಕೊಳ್ಳಿ. ಪಕ್ಕದಲ್ಲಿ ನಿಮ್ಮ ಎಚ್‌ಐವಿ ಮಾತ್ರೆ ಡಬ್ಬಿಯ ಫೋಟೋನೂ ಇರಲಿ, ಯಾಕಂದ್ರೆ ಬಹಳ ಜನಕ್ಕೆ ತಮ್ಮ ಮಾತ್ರೆ ಒಳಗೆ ಯಾವ ಯಾವ ಔಷಧಿ ಇದೆ ಅಂತಾನೇ ಗೊತ್ತಿರಲ್ಲ, ಬಿಳಿ ಮಾತ್ರೆ, ದೊಡ್ಡ ಮಾತ್ರೆ ಅಂತಷ್ಟೇ ಗೊತ್ತಿರತ್ತೆ. ಆ ಹೆಸರು ಗೊತ್ತಿಲ್ದೆ ಮುಂದಿನ ಯಾವ ಲೆಕ್ಕಾನೂ ಆಗಲ್ಲ.

ಇವತ್ತು ತುಂಬಾ ಜನ ತಗೊಳ್ತಿರೋದು ಟಿಎಲ್‌ಡಿ, ಅಂದ್ರೆ ಟೆನೊಫೊವಿರ್ 300 ಎಂಜಿ, ಲ್ಯಾಮಿವುಡಿನ್ 300 ಎಂಜಿ, ಡೊಲುಟೆಗ್ರಾವಿರ್ 50 ಎಂಜಿ, ಮೂರೂ ಒಂದೇ ಮಾತ್ರೇಲಿ. ನಿಮ್ಮದು ಅದೇ ಆಗಿದ್ರೆ ಕೆಳಗಿನ ಭಾಗ ನಿಧಾನಕ್ಕೆ ಓದಿ.

ಕ್ಯಾಲ್ಸಿಯಂ, ಐರನ್, ಮೆಗ್ನೀಷಿಯಂ: ವಿಷ ಅಲ್ಲ, ಟೈಮಿಂಗ್ ವಿಷಯ

ಡೊಲುಟೆಗ್ರಾವಿರ್, ಬಿಕ್ಟೆಗ್ರಾವಿರ್, ರಾಲ್ಟೆಗ್ರಾವಿರ್ ಇವೆಲ್ಲ ಒಂದೇ ಕುಟುಂಬದವು, ಇಂಟಿಗ್ರೇಸ್ ಇನ್‌ಹಿಬಿಟರ್ ಅಂತಾರೆ. ವೈರಸ್ ತನ್ನ ಜೀನ್‌ನ ನಮ್ಮ ಸಿಡಿ4 ಕೋಶದ, ಅಂದ್ರೆ ರೋಗದ ವಿರುದ್ಧ ಹೋರಾಡೋ ಬಿಳಿ ರಕ್ತಕಣದ, ಡಿಎನ್‌ಎ ಒಳಗೆ ಹೊಲಿಯೋಕೆ ಇಂಟಿಗ್ರೇಸ್ ಅನ್ನೋ ಎಂಜೈಮ್ ಬಳಸತ್ತೆ, ಆ ಎಂಜೈಮ್ ಮಧ್ಯದಲ್ಲಿ ಎರಡು ಮೆಗ್ನೀಷಿಯಂ ಅಯಾನ್ ಕೂತಿರ್ತವೆ, ಈ ಔಷಧಿಗಳು ಹೋಗಿ ಅವನ್ನೇ ಗಟ್ಟಿಯಾಗಿ ಹಿಡ್ಕೊಳ್ತವೆ, ಎಂಜೈಮ್ ಕೆಲಸ ನಿಂತುಹೋಗತ್ತೆ. ಅಂದ್ರೆ ಲೋಹ ಕಂಡ್ರೆ ಹಿಡ್ಕೊಳ್ಳೋದೇ ಇವುಗಳ ಸ್ವಭಾವ. ಹೊಟ್ಟೇಲಿ ಅದೇ ಹೊತ್ತಿಗೆ ಕ್ಯಾಲ್ಸಿಯಂ, ಐರನ್, ಜಿಂಕ್, ಮೆಗ್ನೀಷಿಯಂ, ಅಲ್ಯೂಮಿನಿಯಂ ಸಿಕ್ರೆ ಅಲ್ಲೇ ಅದನ್ನ ಹಿಡ್ಕೊಂಡುಬಿಡತ್ತೆ, ಹಾಗೆ ಅಂಟ್ಕೊಂಡ ಔಷಧಿ ರಕ್ತಕ್ಕೆ ಹೋಗಲ್ಲ, ಮಲದಲ್ಲಿ ಹೊರಗೆ ಹೋಗತ್ತೆ. ನೀವು ಮಾತ್ರೆ ನುಂಗಿರ್ತೀರಿ, ಆದ್ರೆ ಅರ್ಧ ಮಾತ್ರೆ ನುಂಗಿದ ಹಾಗೆ.

ಎಷ್ಟು ಕಡಿಮೆ ಆಗತ್ತೆ ಅಂತ ಅಳೆದು ನೋಡಿದ್ದಾರೆ. ಖಾಲಿ ಹೊಟ್ಟೇಲಿ ಡೊಲುಟೆಗ್ರಾವಿರ್ ಜೊತೆಗೇ ಕ್ಯಾಲ್ಸಿಯಂ ಕಾರ್ಬೊನೇಟ್ ತಗೊಂಡ್ರೆ ರಕ್ತದಲ್ಲಿ ಔಷಧಿ ಪ್ರಮಾಣ ಸುಮಾರು 39% ಇಳಿಯತ್ತೆ, ಐರನ್ ಜೊತೆ 54%, ಅಲ್ಯೂಮಿನಿಯಂ ಮೆಗ್ನೀಷಿಯಂ ಇರೋ ಅಸಿಡಿಟಿ ಸಿರಪ್ ಜೊತೆ 74%. ಮಲ್ಟಿವಿಟಮಿನ್ ಜೊತೆ 33% ಸುಮಾರು. ಆ 74 ಅನ್ನೋದನ್ನ ಓದಿದಾಗ ನನ್ನ ರಿಪೋರ್ಟ್ ಯಾಕೆ ಹಾಗೆ ಬಂತು ಅಂತ ಅರ್ಥ ಆಯ್ತು.

ಈಗ ಪರಿಹಾರ. ಡೊಲುಟೆಗ್ರಾವಿರ್‌ಗೆ 2 ಮತ್ತು 6 ಅಂತ ನೆನಪಿಟ್ಕೊಳ್ಳಿ. ಎಚ್‌ಐವಿ ಮಾತ್ರೆ ಮೊದಲು ತಗೊಂಡ್ರೆ 2 ಗಂಟೆ ಬಿಟ್ಟು ಕ್ಯಾಲ್ಸಿಯಂ ಅಥವಾ ಐರನ್ ತಗೋಬಹುದು. ಕ್ಯಾಲ್ಸಿಯಂ ಮೊದಲು ಹೋಗಿಬಿಟ್ಟಿದ್ರೆ 6 ಗಂಟೆ ಕಾದು ಎಚ್‌ಐವಿ ಮಾತ್ರೆ ತಗೊಳ್ಬೇಕು. ಯಾಕೆ ಎರಡೂ ಕಡೆ ಒಂದೇ ಅಂತರ ಅಲ್ಲ ಅಂದ್ರೆ, ಮೊದಲು ಹೋದ ಡೊಲುಟೆಗ್ರಾವಿರ್ ಬೇಗ ರಕ್ತ ಸೇರ್ಕೊಳ್ಳತ್ತೆ, ಆದ್ರೆ ಮೊದಲು ಹೋದ ಲೋಹ ಹೊಟ್ಟೆ ಕರುಳಲ್ಲಿ ಬಹಳ ಹೊತ್ತು ಇರತ್ತೆ.

ಇಲ್ಲೊಂದು ಸಮಾಧಾನದ ವಿಷಯಾನೂ ಇದೆ. ಹೊಟ್ಟೆ ತುಂಬ ಊಟ ಮಾಡ್ತಾ ಡೊಲುಟೆಗ್ರಾವಿರ್ ಮತ್ತು ಕ್ಯಾಲ್ಸಿಯಂ ಅಥವಾ ಐರನ್ ಒಟ್ಟಿಗೆ ತಗೊಂಡ್ರೆ ಆ ಇಳಿಕೆ ಸರಿಹೋಗತ್ತೆ, ಅದಕ್ಕೆ ಊಟದ ಜೊತೆ ಒಟ್ಟಿಗೆ ತಗೋಬಹುದು ಅಂತ ಔಷಧಿಯ ಸೂಚನೆಯಲ್ಲೇ ಇದೆ. ಬಿಕ್ಟೆಗ್ರಾವಿರ್‌ಗೂ ಹಾಗೇ. ಊಟ ಅಂದ್ರೆ ಊಟ, ಎರಡು ಬಿಸ್ಕೆಟ್ ಅಲ್ಲ. ಆದ್ರೆ ಈ ರಿಯಾಯಿತಿ ಅಲ್ಯೂಮಿನಿಯಂ ಮೆಗ್ನೀಷಿಯಂ ಇರೋ ಅಸಿಡಿಟಿ ಔಷಧಿಗೆ ಇಲ್ಲ, ಊಟ ಮಾಡಿದ್ರೂ ಅಷ್ಟೆ ಮಾಡ್ದಿದ್ರೂ ಅಷ್ಟೆ, ಅದಕ್ಕೆ ಅಂತರ ಬೇಕೇ ಬೇಕು. ಹುಣ್ಣಿಗೆ ಕೊಡೋ ಸುಕ್ರಾಲ್ಫೇಟ್‌ನಲ್ಲೂ ಅಲ್ಯೂಮಿನಿಯಂ ಇದೆ, ಹೆಸರಲ್ಲಿ ಗೊತ್ತಾಗಲ್ಲ. ರಾಲ್ಟೆಗ್ರಾವಿರ್ ತಗೊಳ್ಳೋರಿಗೆ ಇನ್ನೂ ಬಿಗಿ, ಅಲ್ಯೂಮಿನಿಯಂ ಮೆಗ್ನೀಷಿಯಂ ಅಸಿಡಿಟಿ ಔಷಧಿ ಅಂತರ ಕೊಟ್ಟು ಕೂಡ ಬೇಡ ಅಂತಾನೇ ಹೇಳ್ತಾರೆ, ಡಾಕ್ಟರ್ ಹತ್ರ ಬೇರೆ ದಾರಿ ಕೇಳಿ.

ದಿನದಲ್ಲಿ ಹೇಗೆ ಕೂರಿಸೋದು ಅಂದ್ರೆ, ನನಗೆ ಸುಲಭ ಅನ್ನಿಸಿದ್ದು ಒಂದನ್ನ ಬೆಳಗ್ಗೆಗೆ ಒಂದನ್ನ ರಾತ್ರಿಗೆ ಹಾಕೋದು. ರಾತ್ರಿ 9ಕ್ಕೆ ಎಚ್‌ಐವಿ ಮಾತ್ರೆ ಅಂದ್ರೆ ಕ್ಯಾಲ್ಸಿಯಂ ಬೆಳಗಿನ ತಿಂಡಿ ಜೊತೆ, ಮಧ್ಯೆ ಎಷ್ಟೋ ಗಂಟೆ ಇರತ್ತೆ, ತಲೆ ಕೆಡಿಸ್ಕೊಳ್ಳೋ ಹಾಗೇ ಇಲ್ಲ. ಮೂರು ಹೊತ್ತು ಕ್ಯಾಲ್ಸಿಯಂ ಬರೆದುಕೊಟ್ಟಿದ್ರೆ ಮಾತ್ರ ಕೂತು ಲೆಕ್ಕ ಹಾಕ್ಬೇಕು, ಆಗ ಊಟದ ಜೊತೆ ಎರಡೂ ಒಟ್ಟಿಗೆ ತಗೊಳ್ಳೋದೇ ಸುಲಭ. ಪ್ರೋಟೀನ್ ಪೌಡರ್‌ಗೂ ಇದೇ ನಿಯಮ, ಬಹಳಷ್ಟು ಪೌಡರಲ್ಲಿ ಕ್ಯಾಲ್ಸಿಯಂ ಐರನ್ ಜಿಂಕ್ ಸೇರಿಸಿರ್ತಾರೆ, ಲೇಬಲ್ ಹಿಂದೆ ನೋಡಿ.

ಅಕಸ್ಮಾತ್ ಒಟ್ಟಿಗೆ ನುಂಗಿಬಿಟ್ರೆ ಗಾಬರಿ ಆಗ್ಬೇಡಿ. ಒಂದು ದಿನದ ತಪ್ಪಿಂದ ಔಷಧಿ ಸೋಲಲ್ಲ, ವಾರಗಟ್ಲೆ ತಿಂಗಳುಗಟ್ಲೆ ಹೀಗೇ ನಡೆದ್ರೆ ಮಾತ್ರ ವೈರಸ್‌ಗೆ ತಲೆ ಎತ್ತೋಕೆ ಅವಕಾಶ. ನಿಮ್ಮಷ್ಟಕ್ಕೆ ನೀವೇ ಇನ್ನೊಂದು ಮಾತ್ರೆ ಜಾಸ್ತಿ ತಗೋಬೇಡಿ, ನಾಳೆಯಿಂದ ಟೈಮ್ ಸರಿ ಮಾಡ್ಕೊಳ್ಳಿ, ಮುಂದಿನ ಸಲ ಹೋದಾಗ ಹೇಳಿ. ಬಹಳ ದಿನದಿಂದ ಹೀಗೇ ಮಾಡ್ತಿದ್ದೆ ಅಂತ ಈಗ ಗೊತ್ತಾಗಿದ್ರೆ ಮಾತ್ರ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೂ ಕಾಯ್ಬೇಡಿ, ವೈರಲ್ ಲೋಡ್ ಟೆಸ್ಟ್ ಮಾಡಿಸಿ ಅಂತ ನೀವೇ ಕೇಳಿ.

ರಿಲ್ಪಿವಿರಿನ್ ಮಾತ್ರೆ, ಅಟಜನಾವಿರ್ ಅನ್ನೋ ಎಚ್‌ಐವಿ ಔಷಧಿಗಳ ಕಥೆ ಬೇರೆ, ಇವಕ್ಕೆ ಹೊಟ್ಟೆಯ ಆಸಿಡ್ ಬೇಕು, ಆಸಿಡ್ ಇಲ್ದಿದ್ರೆ ಕರಗಲ್ಲ. ಆಸಿಡ್ ಕಡಿಮೆ ಮಾಡೋ ಒಮೆಪ್ರಜೋಲ್ ಥರದ ಮಾತ್ರೆ ರಿಲ್ಪಿವಿರಿನ್ ಮಾತ್ರೆ ಜೊತೆ ತಗೊಳ್ಳೋ ಹಾಗೇ ಇಲ್ಲ. ಡೊಲುಟೆಗ್ರಾವಿರ್‌ಗೆ ಒಮೆಪ್ರಜೋಲ್‌ನಿಂದ ತೊಂದರೆ ಇಲ್ಲ, ಅದಕ್ಕೆ ಎದೆ ಉರಿ ಇರೋರಿಗೆ ಡಾಕ್ಟರ್ ಸಿರಪ್ ನಿಲ್ಸಿ ಆ ಮಾತ್ರೆ ಕೊಡೋದುಂಟು. ನೋಡಿ, ಒಬ್ರಿಗೆ ಪರಿಹಾರ ಆಗಿದ್ದು ಇನ್ನೊಬ್ರಿಗೆ ಅಪಾಯ, ಗೆಳೆಯ ತಗೊಳ್ತಾನೆ ಏನೂ ಆಗಿಲ್ಲ ಅನ್ನೋ ಮಾತು ಇಲ್ಲಿ ನಡೆಯಲ್ಲ.

ಗಿಡಮೂಲಿಕೆ ಅಂದ ತಕ್ಷಣ ಸೇಫ್ ಅಲ್ಲ

ನ್ಯಾಚುರಲ್ ಅಲ್ವಾ, ಏನಾಗತ್ತೆ ಅಂತಾರೆ. ಅದೇ ಗಿಡದಲ್ಲಿ ರೋಗದ ಮೇಲೆ ಕೆಲಸ ಮಾಡೋ ಶಕ್ತಿ ಇದೆ ಅಂತ ನೀವು ನಂಬ್ತೀರಿ ಅಂದ್ರೆ, ಬೇರೆ ಔಷಧಿ ಮೇಲೂ ಕೆಲಸ ಮಾಡೋ ಶಕ್ತಿ ಇದೆ ಅಂತಾನೂ ಒಪ್ಕೊಳ್ಬೇಕು.

ಇದ್ರಲ್ಲಿ ಮುಟ್ಟಲೇಬಾರದು ಅನ್ನೋದು ಸೇಂಟ್ ಜಾನ್ಸ್ ವರ್ಟ್. ಹಳದಿ ಹೂವಿನ ಗಿಡ, ಬೇಜಾರು, ಡಿಪ್ರೆಷನ್, ನಿದ್ದೆ ಇಲ್ಲ ಅನ್ನೋದಕ್ಕೆ ಮಾರ್ತಾರೆ, ಲೇಬಲ್ ಮೇಲೆ ಹೈಪೆರಿಕಮ್ ಅಂತಾನೂ ಇರತ್ತೆ. ಇದು ಲಿವರ್‌ಗೆ ಹೋಗಿ ಔಷಧಿ ಒಡೆಯೋ ಎಂಜೈಮ್‌ಗಳನ್ನ ಜಾಸ್ತಿ ಮಾಡತ್ತೆ, ಸಿವೈಪಿ3ಎ4 ಅನ್ನೋದು ಅದ್ರಲ್ಲಿ ಮುಖ್ಯ. ಆಗ ನಿಮ್ಮ ಎಚ್‌ಐವಿ ಔಷಧಿ ಕೆಲಸ ಮುಗಿಸೋ ಮೊದಲೇ ಒಡೆದುಹೋಗತ್ತೆ. 2000ದಲ್ಲಿ ಬಂದ ಸ್ಟಡಿಯಲ್ಲಿ ಇಂಡಿನಾವಿರ್ ಅನ್ನೋ ಎಚ್‌ಐವಿ ಔಷಧಿ ಇದ್ರಿಂದ ರಕ್ತದಲ್ಲಿ 57% ಕಡಿಮೆ ಆಗಿತ್ತು, ಅದೇ ವರ್ಷ ಅಮೆರಿಕಾದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಕೊಡ್ತು. ಇಂಡಿನಾವಿರ್ ಈಗ ಹಳೇದಾಯ್ತು, ಆದ್ರೆ ಎಫವಿರೆಂಜ್, ರಿಲ್ಪಿವಿರಿನ್, ಡಾರುನಾವಿರ್, ಬಿಕ್ಟೆಗ್ರಾವಿರ್, ಟಿಎಎಫ್ (ಟೆನೊಫೊವಿರ್‌ನ ಇನ್ನೊಂದು ರೂಪ) ಎಲ್ಲಕ್ಕೂ ಈ ಗಿಡ ಶತ್ರುವೇ, ಡೊಲುಟೆಗ್ರಾವಿರ್ ಪ್ರಮಾಣಾನೂ ಇಳಿಸತ್ತೆ. ಇದಕ್ಕೆ 2 ಗಂಟೆ 6 ಗಂಟೆ ಲೆಕ್ಕ ನಡೆಯಲ್ಲ, ಯಾಕಂದ್ರೆ ಇದು ಹೊಟ್ಟೇಲಿ ಅಂಟ್ಕೊಳ್ಳೋ ವಿಷಯ ಅಲ್ಲ, ಲಿವರ್ರೇ ಬದಲಾಗಿರತ್ತೆ, ಬಿಟ್ಟ ಮೇಲೂ ಎರಡು ವಾರದಷ್ಟು ಪ್ರಭಾವ ಉಳಿಯತ್ತೆ. ತಿಂಗಳಿಗೋ ಎರಡು ತಿಂಗಳಿಗೋ ಇಂಜೆಕ್ಷನ್ ತಗೊಳ್ಳೋರು, ಅಂದ್ರೆ ಕ್ಯಾಬೊಟೆಗ್ರಾವಿರ್ ರಿಲ್ಪಿವಿರಿನ್ ಸೂಜಿ, ಅವ್ರಿಗೆ ಕ್ಯಾಲ್ಸಿಯಂ ತಲೆನೋವಿಲ್ಲ ಯಾಕಂದ್ರೆ ಔಷಧಿ ಹೊಟ್ಟೆಗೇ ಹೋಗಲ್ಲ, ಆದ್ರೆ ಈ ಗಿಡ ಅವ್ರಿಗೂ ಬೇಡ. ಮನಸ್ಸು ಕುಗ್ಗಿದೆ, ನಿದ್ದೆ ಬರ್ತಿಲ್ಲ ಅಂದ್ರೆ ದಯವಿಟ್ಟು ಕ್ಲಿನಿಕ್ಕಲ್ಲಿ ಹೇಳ್ಕೊಳ್ಳಿ. ಎಚ್‌ಐವಿ ಜೊತೆ ಬದುಕೋರಲ್ಲಿ ಇದು ತುಂಬಾ ಸಾಮಾನ್ಯ, ನಾಚ್ಕೊಳ್ಳೋ ವಿಷಯ ಅಲ್ಲ, ಎಆರ್‌ಟಿ ಜೊತೆ ಹೊಂದೋ ಮಾತ್ರೆಗಳು ಇದಾವೆ.

ಬೆಳ್ಳುಳ್ಳಿ ಬಗ್ಗೆ ಎಲ್ರೂ ಕೇಳ್ತಾರೆ. ಅಡುಗೆಗೆ ಹಾಕೋ ಬೆಳ್ಳುಳ್ಳಿ ತಿನ್ನಿ, ಏನೂ ಭಯ ಇಲ್ಲ. ಕ್ಯಾಪ್ಸೂಲ್ ರೂಪದ ಗಟ್ಟಿ ಸಾರದ ಕಥೆ ಬೇರೆ, ಸಕ್ವಿನಾವಿರ್ ಅನ್ನೋ ಎಚ್‌ಐವಿ ಔಷಧಿ ಜೊತೆ ನೋಡಿದಾಗ ಅದ್ರ ಪ್ರಮಾಣ ಅರ್ಧಕ್ಕೆ ಇಳಿದಿತ್ತು, ಬೆಳ್ಳುಳ್ಳಿ ನಿಲ್ಸಿ 10 ದಿನ ಆದ್ಮೇಲೂ ಪೂರ್ತಿ ಮೇಲೆ ಬಂದಿರ್ಲಿಲ್ಲ. ಅಡುಗೆ ಮನೇಲಿ ಇರೋದಕ್ಕೂ ಡಬ್ಬಿಯಲ್ಲಿ ಬರೋದಕ್ಕೂ ಹೆಸರು ಒಂದೇ ಇರ್ಬಹುದು, ಪ್ರಮಾಣ ಒಂದೇ ಅಲ್ಲ.

ಅರಿಶಿನಕ್ಕೂ ಹಾಗೇ. ಅಡುಗೆಯ ಚಿಟಿಕೆ ಅರಿಶಿನ ಪರವಾಗಿಲ್ಲ. ಕ್ಯಾಪ್ಸೂಲಲ್ಲಿ ಬರೋ ಕರ್ಕುಮಿನ್‌ಗೆ ಚೆನ್ನಾಗಿ ಹೀರ್ಕೊಳ್ಳಲಿ ಅಂತ ಕರಿಮೆಣಸಿನ ಪೈಪರಿನ್ ಸೇರಿಸ್ತಾರೆ, ಇದ್ರಿಂದ ಲಿವರ್‌ಗೆ ಏಟಾದ ಕೇಸ್‌ಗಳು ವರದಿ ಆಗಿವೆ. ಅಶ್ವಗಂಧದಿಂದಾನೂ ಕೆಲವರಿಗೆ ಕಾಮಾಲೆ ಬಂದಿದ್ದು ದಾಖಲಾಗಿದೆ, ಗ್ರೀನ್ ಟೀ ಸಾರದ ಕ್ಯಾಪ್ಸೂಲ್ ಬಗ್ಗೆ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲೇ ಹೇಳಿತ್ತು, ಅದ್ರಲ್ಲಿರೋ ಇಜಿಸಿಜಿ ಅನ್ನೋ ಅಂಶ ದಿನಕ್ಕೆ 800 ಎಂಜಿ ದಾಟಿದ್ರೆ ಲಿವರ್ ಎಂಜೈಮ್ ಏರೋ ಲಕ್ಷಣ ಕಾಣತ್ತೆ ಅಂತ. ಎಲ್ಲರಿಗೂ ಹೀಗಾಗಲ್ಲ, ತುಂಬಾ ಜನಕ್ಕೆ ಏನೂ ಆಗಲ್ಲ. ಆದ್ರೆ ನಮ್ಮಲ್ಲಿ ಎಷ್ಟೋ ಜನಕ್ಕೆ ಹೆಪಟೈಟಿಸ್ ಬಿ ಅಥವಾ ಸಿ ಕೂಡ ಇರತ್ತೆ, ಟಿಬಿ ಮಾತ್ರೆ ನಡೀತಿರತ್ತೆ, ಲಿವರ್ ಮೇಲೆ ಮೊದಲೇ ಹೊರೆ ಇರೋವಾಗ ಇನ್ನೊಂದು ಯಾಕೆ. ಹೊಸ ಗಿಡಮೂಲಿಕೆ ಶುರು ಮಾಡಿದ ಮೇಲೆ ಕಣ್ಣು ಹಳದಿ, ಮೂತ್ರ ಕಡು ಬಣ್ಣ, ಮೈ ಕಡಿತ, ಬಲಗಡೆ ಪಕ್ಕೆ ಕೆಳಗೆ ನೋವು, ಊಟ ಸೇರ್ತಿಲ್ಲ ಅಂದ್ರೆ ಆ ಮೂಲಿಕೆ ಅವತ್ತೇ ನಿಲ್ಸಿ, ಡಬ್ಬಿ ಕೈಯಲ್ಲಿ ಹಿಡ್ಕೊಂಡು ಡಾಕ್ಟರ್ ಹತ್ರ ಹೋಗಿ. ಎಚ್‌ಐವಿ ಮಾತ್ರೆ ನಿಮ್ಮಷ್ಟಕ್ಕೆ ನಿಲ್ಸಬೇಡಿ, ಅದನ್ನ ಅವ್ರೇ ಹೇಳ್ಬೇಕು. ಒಂದು ಮಾತು, ಅಟಜನಾವಿರ್ ತಗೊಳ್ಳೋರಿಗೆ ಆ ಔಷಧಿಯಿಂದಾನೇ ಕಣ್ಣು ಸ್ವಲ್ಪ ಹಳದಿ ಆಗೋದುಂಟು, ಆದ್ರೂ ಯಾವುದರಿಂದ ಅಂತ ನೀವೇ ತೀರ್ಮಾನ ಮಾಡ್ಬೇಡಿ.

ರೆಡ್ ಈಸ್ಟ್ ರೈಸ್ ಅಂತ ಕೊಲೆಸ್ಟ್ರಾಲ್‌ಗೆ ಮಾರ್ತಾರೆ. ಅದ್ರಲ್ಲಿರೋ ಮೊನಾಕೊಲಿನ್ ಕೆ ಅನ್ನೋದು ಲೊವಾಸ್ಟಾಟಿನ್ ಅನ್ನೋ ಔಷಧಿಯೇ, ಹೆಸರು ಮಾತ್ರ ಬೇರೆ. ರಿಟೊನಾವಿರ್ ಅಥವಾ ಕೊಬಿಸಿಸ್ಟಾಟ್ (ಬೇರೆ ಎಚ್‌ಐವಿ ಔಷಧಿ ರಕ್ತದಲ್ಲಿ ಜಾಸ್ತಿ ಹೊತ್ತು ಉಳಿಯಲಿ ಅಂತ ಸೇರಿಸೋವು) ಇರೋ ಮಾತ್ರೆ ಜೊತೆ ಇದು ರಕ್ತದಲ್ಲಿ ಏರಿ ಏರಿ ಮಾಂಸಖಂಡ ಒಡೆದು ಕಿಡ್ನಿ ಹಾಳಾಗೋವರೆಗೂ ಹೋಗಬಹುದು.

ಡಬ್ಬಿ ಮೇಲೆ ಬರೆಯದೇ ಇರೋದು

ಇದನ್ನ ಮುಜುಗರ ಇಲ್ದೆ ಹೇಳ್ತೀನಿ, ಯಾಕಂದ್ರೆ ಮುಜುಗರದಿಂದಾನೇ ಜನ ಸಿಕ್ಕಿಹಾಕ್ಕೊಳ್ತಾರೆ. ಪುರುಷರ ಶಕ್ತಿ ಹೆಚ್ಚಿಸೋ ಹರ್ಬಲ್ ಕ್ಯಾಪ್ಸೂಲ್‌ಗಳಲ್ಲಿ ಸಿಲ್ಡೆನಾಫಿಲ್, ಅಂದ್ರೆ ವಯಾಗ್ರದಲ್ಲಿರೋ ಔಷಧಿ, ಕದ್ದು ಬೆರೆಸಿದ್ದು ಸಿಕ್ಕಿದೆ ಅಂತ ಎಫ್‌ಡಿಎ ಮೇಲಿಂದ ಮೇಲೆ ಎಚ್ಚರಿಸ್ತಾ ಬಂದಿದೆ. ರಿಟೊನಾವಿರ್ ಜೊತೆ ಸಿಲ್ಡೆನಾಫಿಲ್ ಸೇರಿದ್ರೆ ರಕ್ತದಲ್ಲಿ ಅದ್ರ ಒಟ್ಟು ಪ್ರಮಾಣ ಸುಮಾರು 11 ಪಟ್ಟು ಆಗತ್ತೆ, ಅದಕ್ಕೆ ಡಾಕ್ಟರ್ ಬರೆದುಕೊಡೋವಾಗ 48 ಗಂಟೆಗೆ 25 ಎಂಜಿ ದಾಟಬಾರದು ಅಂತಾರೆ. ಕ್ಯಾಪ್ಸೂಲಲ್ಲಿ ಎಷ್ಟಿದೆ ಅಂತಾನೇ ಗೊತ್ತಿಲ್ದೆ ನುಂಗಿದ್ರೆ ಬಿಪಿ ಕುಸಿದು ಬೀಳ್ಬಹುದು. ಆ ತೊಂದರೆ ಇದ್ರೆ ಡಾಕ್ಟರ್‌ಗೆ ಒಂದು ವಾಕ್ಯ ಹೇಳಿದ್ರೆ ಸಾಕು, ಅವ್ರು ಅದನ್ನ ದಿನಾ ಕೇಳಿರ್ತಾರೆ, ಸರಿಯಾದ ಡೋಸ್ ಕೊಡ್ತಾರೆ.

ಮಂಡಿ ನೋವಿನ ಹರ್ಬಲ್ ಮಾತ್ರೆಗಳಲ್ಲಿ ಸ್ಟೆರಾಯ್ಡ್ ಬೆರೆಸಿದ್ದೂ ಸಿಕ್ಕಿದೆ. ಎರಡೇ ದಿನದಲ್ಲಿ ನೋವು ಮಾಯ ಆಯ್ತು ಅಂದ್ರೆ ಖುಷಿಗಿಂತ ಮೊದಲು ಅನುಮಾನ ಪಡಿ. ರಿಟೊನಾವಿರ್, ಕೊಬಿಸಿಸ್ಟಾಟ್ ಇದ್ರೆ ಎಷ್ಟೋ ಸ್ಟೆರಾಯ್ಡ್ ದೇಹದಿಂದ ಬೇಗ ಹೊರಗೆ ಹೋಗದೆ ಉಳ್ಕೊಳ್ಳತ್ತೆ, ಮುಖ ಊದತ್ತೆ, ಶುಗರ್ ಏರತ್ತೆ. ಲೋಹದ ಭಸ್ಮ ಇರೋ ಉತ್ಪನ್ನಗಳ ಬಗ್ಗೆಯೂ ಹುಷಾರು. 2008ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಇಂಟರ್ನೆಟ್ಟಲ್ಲಿ ಕೊಂಡ 193 ಆಯುರ್ವೇದ ಉತ್ಪನ್ನಗಳಲ್ಲಿ ಐದರಲ್ಲಿ ಒಂದರಷ್ಟಕ್ಕೆ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಟೆನೊಫೊವಿರ್ ಕಿಡ್ನಿ ಮೂಲಕಾನೇ ಹೊರಗೆ ಹೋಗೋ ಔಷಧಿ, ಅದಕ್ಕೇ ನಮಗೆ ಕ್ರಿಯೇಟಿನಿನ್ ಟೆಸ್ಟ್ ಮಾಡೋದು, ಆ ಕಿಡ್ನಿಗೆ ಸೀಸ ಪಾದರಸ ಕೊಡಬಾರದು.

ನಮಗೆ ವಿಟಮಿನ್ ಬೇಕಾ ಹಾಗಾದ್ರೆ

ಕೊರತೆ ಇದ್ರೆ ಖಂಡಿತ ಬೇಕು. ಕೊರತೆ ಇಲ್ದೆ ಇಮ್ಯೂನಿಟಿ ಬೂಸ್ಟ್ ಆಗ್ಲಿ ಅಂತ ರಾಶಿ ಹಾಕ್ಕೊಂಡ್ರೆ ಪ್ರಯೋಜನ ಇಲ್ಲ, ಇದಕ್ಕೆ ಒಳ್ಳೆ ಸಾಕ್ಷಿ ತಾಂಜಾನಿಯಾದ್ದು. ಎಆರ್‌ಟಿ ಇನ್ನೂ ಸಿಗದ ಕಾಲದಲ್ಲಿ ಅಲ್ಲಿನ ಎಚ್‌ಐವಿ ಇದ್ದ ಗರ್ಭಿಣಿಯರಿಗೆ ಬಿ, ಸಿ, ಇ ವಿಟಮಿನ್ ಕೊಟ್ಟಾಗ ರೋಗ ಮುಂದುವರಿಯೋದು ನಿಧಾನ ಆಗಿತ್ತು, 2004ರಲ್ಲಿ ಆ ಫಲಿತಾಂಶ ಬಂತು. ಆಮೇಲೆ ಎಆರ್‌ಟಿ ತಗೊಳ್ತಿದ್ದ 3,418 ಜನರಲ್ಲಿ ಕೆಲವರಿಗೆ ಮಾಮೂಲಿ ಡೋಸ್, ಕೆಲವರಿಗೆ ಅದರ ಎಷ್ಟೋ ಪಟ್ಟು ಡೋಸ್ ಮಲ್ಟಿವಿಟಮಿನ್ ಕೊಟ್ಟು ನೋಡಿದ್ರು, 2012ರಲ್ಲಿ ಪ್ರಕಟ ಆಯ್ತು, ಜಾಸ್ತಿ ಡೋಸ್‌ನೋರಿಗೆ ಲಾಭ ಏನೂ ಆಗಿರ್ಲಿಲ್ಲ, ಬದಲಿಗೆ ಎಎಲ್‌ಟಿ ಅನ್ನೋ ಲಿವರ್ ಎಂಜೈಮ್ ಏರಿದ್ದು ಕಂಡು ಸ್ಟಡಿಯನ್ನ ಅರ್ಧಕ್ಕೇ ನಿಲ್ಸಿದ್ರು. ಎಆರ್‌ಟಿ ಸರಿಯಾಗಿ ನಡೀತಿದ್ರೆ ಸಿಡಿ4 ಏರಿಸೋ ಕೆಲಸ ಅದೇ ಮಾಡತ್ತೆ.

ಒಂದೊಂದಾಗಿ ನೋಡಿದ್ರೆ, ವಿಟಮಿನ್ ಡಿ ನಿಜವಾಗ್ಲೂ ನೋಡಿಸ್ಕೊಳ್ಬೇಕಾದ್ದು, ಎಫವಿರೆಂಜ್ ಅದನ್ನ ಇಳಿಸತ್ತೆ, ಟಿಡಿಎಫ್ ರೂಪದ ಟೆನೊಫೊವಿರ್ ಮೂಳೆ ಸಾಂದ್ರತೆ ಸ್ವಲ್ಪ ಕಡಿಮೆ ಮಾಡತ್ತೆ. ಬರೀ ವಿಟಮಿನ್ ಡಿ ಮಾತ್ರೆಗೆ ಡೊಲುಟೆಗ್ರಾವಿರ್ ಜೊತೆ ಜಗಳ ಇಲ್ಲ, ಆದ್ರೆ ಅದ್ರ ಜೊತೆ ಕ್ಯಾಲ್ಸಿಯಂ ಸೇರಿಸಿರೋ ಮಾತ್ರೆ ಆದ್ರೆ ಮೇಲಿನ ನಿಯಮ ಬರತ್ತೆ. ಡಾಕ್ಟರ್ ಕೊರತೆ ನೋಡಿ ಬರೆಯದ ಹೊರತು ದಿನಕ್ಕೆ 4,000 ಐಯು ದಾಟಬೇಡಿ, ಲೇಬಲಲ್ಲಿ ಮೈಕ್ರೋಗ್ರಾಂ ಇದ್ರೆ 1 ಮೈಕ್ರೋಗ್ರಾಂಗೆ 40 ಐಯು ಅಂತ ಲೆಕ್ಕ. ಸುಸ್ತು ಅಂತ ಐರನ್ ಶುರು ಮಾಡೋದು ಇನ್ನೊಂದು ತಪ್ಪು. ಜಿಡೊವುಡಿನ್ ಅನ್ನೋ ಎಚ್‌ಐವಿ ಔಷಧಿ ತಗೊಳ್ಳೋರಿಗೆ ರಕ್ತ ಕಡಿಮೆ ಆಗೋದು ಐರನ್ ಕೊರತೆಯಿಂದ ಅಲ್ಲ, ಔಷಧಿ ಅಸ್ಥಿಮಜ್ಜೆ ಮೇಲೆ ಕೆಲಸ ಮಾಡೋದ್ರಿಂದ, ಅಲ್ಲಿ ಐರನ್ ನುಂಗಿ ಕೂತ್ರೆ ಟೈಮ್ ವೇಸ್ಟ್, ಟೆಸ್ಟ್ ಮಾಡಿಸಿ ಕಾರಣ ತಿಳ್ಕೊಳ್ಳಿ.

ಬಿ6 ಬಗ್ಗೆ ವಿಶೇಷ ಹೇಳ್ಬೇಕು. ಟಿಬಿ ಬರದಿರಲಿ ಅಂತ ಐಸೋನಿಯಾಜಿಡ್ ಕೊಡೋವಾಗ ಕೈಕಾಲು ಜೋಮು ಹಿಡಿಯದಿರಲಿ ಅಂತ ಬಿ6 ಜೊತೆಗೆ ಕೊಡ್ತಾರೆ, ಅದನ್ನ ಬಿಡ್ಬೇಡಿ. ಆದ್ರೆ ಅದೇ ಬಿ6 ಅತಿಯಾಗಿ ತಿಂಗಳುಗಟ್ಲೆ ತಗೊಂಡ್ರೆ ಅದ್ರಿಂದಾನೇ ನರ ಹಾಳಾಗಿ ಜೋಮು ಬರತ್ತೆ. ಮಲ್ಟಿವಿಟಮಿನಲ್ಲಿ ಒಂದಿಷ್ಟು, ಬಿ ಕಾಂಪ್ಲೆಕ್ಸಲ್ಲಿ ಒಂದಿಷ್ಟು, ಎನರ್ಜಿ ಡ್ರಿಂಕಲ್ಲಿ ಒಂದಿಷ್ಟು ಅಂತ ಮೂರು ಕಡೆಯಿಂದ ಸೇರ್ತಾ ಹೋಗತ್ತೆ, ಅದಕ್ಕೇ ಎಲ್ಲಾ ಲೇಬಲ್ ಕೂಡಿಸಿ ನೋಡಿ ಅನ್ನೋದು. ಜಿಂಕ್ ದಿನಕ್ಕೆ 40 ಎಂಜಿ, ಸೆಲೆನಿಯಂ 400 ಮೈಕ್ರೋಗ್ರಾಂ, ವಿಟಮಿನ್ ಸಿ 2,000 ಎಂಜಿ, ಇವು ದೊಡ್ಡವರಿಗೆ ಮೇಲಿನ ಮಿತಿ. ಜಿಂಕ್ ಬಹಳ ದಿನ ಜಾಸ್ತಿ ಆದ್ರೆ ದೇಹದಲ್ಲಿ ತಾಮ್ರ ಕಡಿಮೆ ಆಗತ್ತೆ, ಸೆಲೆನಿಯಂ ಜಾಸ್ತಿ ಆದ್ರೆ ಕೂದಲು ಉದುರಿ ಉಗುರು ಒಡೆಯತ್ತೆ, ಸಿ ಜಾಸ್ತಿ ಆದ್ರೆ ಕಿಡ್ನಿ ಕಲ್ಲಿನ ಭಯ. ಸೋಂಕು ತಡೆಯೋಕೆ ಕೊಡೋ ಕೋಟ್ರೈಮಾಕ್ಸಜೋಲ್ ತಗೊಳ್ತಿದ್ರೆ ಪೊಟ್ಯಾಷಿಯಂ ಸಪ್ಲಿಮೆಂಟ್ ಕೇಳದೆ ಮುಟ್ಟಬೇಡಿ, ಆ ಔಷಧಿಯೇ ಪೊಟ್ಯಾಷಿಯಂ ಏರಿಸತ್ತೆ. ಪ್ರೋಬಯೋಟಿಕ್ ಕ್ಯಾಪ್ಸೂಲಲ್ಲಿ ಜೀವಂತ ಬ್ಯಾಕ್ಟೀರಿಯಾ ಇರತ್ತೆ, ಸಿಡಿ4 ತೀರಾ ಕೆಳಗಿದ್ರೆ ಕೇಳಿಯೇ ತಗೊಳ್ಳಿ.

ಗರ್ಭಿಣಿಯರು ಇದನ್ನ ಗಮನ ಇಟ್ಟು ಓದಿ. ಫೋಲಿಕ್ ಆಸಿಡ್, ಐರನ್, ಕ್ಯಾಲ್ಸಿಯಂ ನಿಮಗೆ ಬೇಕೇ ಬೇಕು, ಎಚ್‌ಐವಿ ಮಾತ್ರೆ ಜೊತೆ ಆಗಿಬರಲ್ಲ ಅಂತ ಯಾವುದನ್ನೂ ನಿಲ್ಸಬೇಡಿ. ಮಗುವಿಗೆ ವೈರಸ್ ಹೋಗದ ಹಾಗೆ ತಡೆಯೋದು ನಿಮ್ಮ ವೈರಲ್ ಲೋಡ್ ಕೆಳಗಿರೋದೇ, ಹಾಗಾಗಿ ಇಲ್ಲಿ ಟೈಮಿಂಗ್ ಎಲ್ಲಕ್ಕಿಂತ ಮುಖ್ಯ. ಊಟದ ಜೊತೆ ತಗೊಳ್ಳಿ, ಇಲ್ಲ ಅಂದ್ರೆ 2 ಮತ್ತು 6ರ ಲೆಕ್ಕ. ವಾಂತಿ ಜಾಸ್ತಿ ಇದ್ದು ಊಟಾನೇ ನಿಲ್ತಿಲ್ಲ ಅಂದ್ರೆ ಬೆಳಗ್ಗೆ ರಾತ್ರಿ ಅಂತ ದೂರ ದೂರ ಇಟ್ಕೊಳ್ಳಿ. ವಿಟಮಿನ್ ಎ ಮಾತ್ರ ಬೇರೆಯಾಗಿ ಜಾಸ್ತಿ ತಗೋಬೇಡಿ, ರೆಟಿನಾಲ್ ರೂಪದಲ್ಲಿ ದಿನಕ್ಕೆ 10,000 ಐಯು ದಾಟಿದ್ರೆ ಮಗುವಿನ ಅಂಗಗಳಿಗೆ ತೊಂದರೆ ಆಗೋ ಭಯ ಇದೆ, ಮೇಲೆ ಹೇಳಿದ ತಾಂಜಾನಿಯಾದ ಗರ್ಭಿಣಿಯರ ಸ್ಟಡಿಯಲ್ಲೇ ವಿಟಮಿನ್ ಎ ಕೊಟ್ಟ ತಾಯಂದಿರಿಂದ ಮಕ್ಕಳಿಗೆ ಎಚ್‌ಐವಿ ಹೋಗೋದು ಜಾಸ್ತಿ ಆಗಿತ್ತು.

ರಿಪೋರ್ಟನ್ನೇ ತಪ್ಪು ತೋರಿಸೋ ಸಪ್ಲಿಮೆಂಟ್

ಬಯೋಟಿನ್ ಜಾಸ್ತಿ ತಗೊಳ್ತಿದ್ರೆ ಥೈರಾಯ್ಡ್ ಟೆಸ್ಟು, ಹಾರ್ಟ್ ಅಟ್ಯಾಕ್ ಪತ್ತೆ ಮಾಡೋ ಟ್ರೋಪೋನಿನ್ ಟೆಸ್ಟು ತಪ್ಪಾಗಿ ಬರಬಹುದು, ಎಫ್‌ಡಿಎ 2017ರಲ್ಲಿ ಈ ಬಗ್ಗೆ ಎಚ್ಚರಿಕೆ ಕೊಟ್ಟಿದೆ, ಹಾಗಾಗಿ ರಕ್ತ ಕೊಡೋ ಮೊದಲು ಲ್ಯಾಬ್‌ನೋರಿಗೆ ಹೇಳಿ. ಇನ್ನೊಂದು ಜಿಮ್‌ಗೆ ಹೋಗೋರು ಕುಡಿಯೋ ಕ್ರಿಯೇಟಿನ್ ಪೌಡರ್. ಡೊಲುಟೆಗ್ರಾವಿರ್, ಬಿಕ್ಟೆಗ್ರಾವಿರ್, ಕೊಬಿಸಿಸ್ಟಾಟ್ ಇವು ಕಿಡ್ನಿಗೆ ಏನೂ ಮಾಡದೇ ರಿಪೋರ್ಟಲ್ಲಿ ಕ್ರಿಯೇಟಿನಿನ್ ನಂಬರನ್ನ ಸ್ವಲ್ಪ ಏರಿಸ್ತವೆ, ಅದ್ರ ಮೇಲೆ ಕ್ರಿಯೇಟಿನ್ ಪೌಡರ್ ಕುಡಿದ್ರೆ ನಂಬರ್ ಇನ್ನೂ ಏರಬಹುದು, ಆಗ ಡಾಕ್ಟರ್‌ಗೆ ಪೌಡರ್ ವಿಷಯ ಗೊತ್ತಿಲ್ಲ ಅಂದ್ರೆ ಕಿಡ್ನಿ ಕೆಟ್ಟಿದೆ ಅಂತ ಚೆನ್ನಾಗಿ ಕೆಲಸ ಮಾಡ್ತಿರೋ ಔಷಧಿ ಬದಲಾಯಿಸೋ ಪರಿಸ್ಥಿತಿ ಬರತ್ತೆ.

ಹೊಸದು ಶುರು ಮಾಡೋದಾದ್ರೆ

ಒಂದು ಸಲಕ್ಕೆ ಒಂದೇ ಶುರು ಮಾಡಿ, ಶುರು ಮಾಡಿದ ತಾರೀಕು ಬರೆದಿಡಿ, ಆಗ ಏನಾದ್ರೂ ಆದ್ರೆ ಯಾವುದರಿಂದ ಅಂತ ಗೊತ್ತಾಗತ್ತೆ. ಪ್ರೊಪ್ರೈಟರಿ ಬ್ಲೆಂಡ್ ಅಂತ ಬರೆದು ಇಪ್ಪತ್ತು ಗಿಡದ ಹೆಸರು ಹಾಕಿ ಯಾವುದು ಎಷ್ಟು ಅಂತ ಹೇಳದ ಡಬ್ಬಿ ಇದ್ರೆ ಬಿಟ್ಟುಬಿಡಿ, ಪ್ರಮಾಣ ಗೊತ್ತಿಲ್ಲದ್ದನ್ನ ಯಾವ ಡಾಕ್ಟರೂ ಚೆಕ್ ಮಾಡೋಕಾಗಲ್ಲ. ಲಿವರ್‌ಪೂಲ್ ಯೂನಿವರ್ಸಿಟಿ ನಡೆಸೋ ಎಚ್‌ಐವಿ ಡ್ರಗ್ ಇಂಟರಾಕ್ಷನ್ಸ್ ಅನ್ನೋ ಚೆಕರ್ ಇದೆ, ಫ್ರೀ, ಒಂದು ಕಡೆ ನಿಮ್ಮ ಎಚ್‌ಐವಿ ಔಷಧಿ ಹೆಸರು ಇನ್ನೊಂದು ಕಡೆ ವಿಟಮಿನ್ ಅಥವಾ ಮೂಲಿಕೆ ಹೆಸರು ಹಾಕಿದ್ರೆ ಬಣ್ಣದಲ್ಲಿ ಉತ್ತರ ಬರತ್ತೆ, ಕೆಂಪು ಅಂದ್ರೆ ಒಟ್ಟಿಗೆ ಬೇಡ, ಕಿತ್ತಳೆ ಅಂದ್ರೆ ತೊಂದರೆ ಆಗಬಹುದು ಡಾಕ್ಟರ್ ನೋಡ್ಬೇಕು, ಹಳದಿ ಅಂದ್ರೆ ಪರಿಣಾಮ ಸಣ್ಣದು, ಹಸಿರು ಅಂದ್ರೆ ತೊಂದರೆ ಇಲ್ಲ. ಎಲ್ಲಾ ಮೂಲಿಕೆ ಅದ್ರಲ್ಲಿ ಸಿಗಲ್ಲ, ಸಿಗದಿದ್ರೆ ಅದು ಸೇಫ್ ಅಂತ ಅಲ್ಲ, ಯಾರೂ ನೋಡಿಲ್ಲ ಅಂತ ಅರ್ಥ.

ಎಚ್‌ಐವಿ ಮಾತ್ರೆ ಬಿಡಿ, ನಮ್ಮ ಔಷಧಿಯಿಂದ ಪೂರ್ತಿ ವಾಸಿ ಮಾಡ್ತೀವಿ ಅನ್ನೋರು ಸಿಕ್ರೆ ಅಲ್ಲೇ ಎದ್ದು ಬನ್ನಿ. ವೈರಸ್ ಸಿಡಿ4 ಕೋಶದ ಡಿಎನ್‌ಎ ಒಳಗೇ ಸೇರ್ಕೊಂಡು ಮಲಗಿರತ್ತೆ, ಅದನ್ನ ತೆಗೆಯೋ ಗಿಡ ಯಾವುದೂ ಇಲ್ಲ. ಮಾತ್ರೆ ನಿಲ್ಸಿದ್ರೆ ಏನಾಗತ್ತೆ ಅನ್ನೋದನ್ನ ಸ್ಮಾರ್ಟ್ ಅನ್ನೋ ದೊಡ್ಡ ಸ್ಟಡಿ 2006ರಲ್ಲೇ ತೋರಿಸಿದೆ, 5,472 ಜನ ಇದ್ರು, ಸಿಡಿ4 ನೋಡ್ಕೊಂಡು ಡಾಕ್ಟರ್ ಕಣ್ಗಾವಲಲ್ಲೇ ಮಾತ್ರೆ ಬಿಟ್ಟು ಬಿಟ್ಟು ತಗೊಂಡವರಲ್ಲಿ ಕಾಯಿಲೆ ಮತ್ತು ಸಾವು ಜಾಸ್ತಿ ಆಗಿತ್ತು. ಹೆಪಟೈಟಿಸ್ ಬಿ ಕೂಡ ಇರೋರು ಟೆನೊಫೊವಿರ್ ಲ್ಯಾಮಿವುಡಿನ್ ದಿಢೀರ್ ನಿಲ್ಸಿದ್ರೆ ಲಿವರ್ ಒಮ್ಮೆಲೇ ಕೆರಳಬಹುದು.

ಕೊನೇಲಿ ಒಂದು ಕಷ್ಟದ ವಿಷಯ, ಕೇಳೋದು ಹೇಗೆ ಅನ್ನೋದು. ಮೆಡಿಕಲ್ ಶಾಪಲ್ಲಿ ಹತ್ತು ಜನರ ಮಧ್ಯೆ ನಾನು ಎಚ್‌ಐವಿ ಮಾತ್ರೆ ತಗೊಳ್ತೀನಿ ಅಂತ ಹೇಳೋಕಾಗಲ್ಲ, ಹೇಳಲೇಬೇಕು ಅಂತಾನೂ ಇಲ್ಲ. ನಿಮ್ಮ ಔಷಧಿ ಹೆಸರು, ಕೇಳ್ಬೇಕಾದ ಸಪ್ಲಿಮೆಂಟ್ ಹೆಸರು ಎರಡನ್ನೂ ಚೀಟಿಯಲ್ಲಿ ಬರೆದು ಫಾರ್ಮಸಿಸ್ಟ್ ಕೈಗೆ ಕೊಟ್ಟು ಇವೆರಡು ಒಟ್ಟಿಗೆ ಆಗತ್ತಾ ನೋಡಿ ಅಂದ್ರೆ ಸಾಕು. ಅದೂ ಬೇಡ ಅನ್ನಿಸಿದ್ರೆ ಅಂಗಡೀಲಿ ಏನೂ ಕೊಳ್ಳದೆ ಲೇಬಲ್ ಫೋಟೋ ಮಾತ್ರ ತೆಗೆದುಕೊಂಡು ಬನ್ನಿ, ನಿಮ್ಮ ಎಆರ್‌ಟಿ ಕ್ಲಿನಿಕ್ಕಿನ ಕೌನ್ಸೆಲರ್‌ಗೋ ನರ್ಸ್‌ಗೋ ತೋರಿಸಿ, ಅವ್ರು ಹೂಂ ಅಂದ ಮೇಲೆ ಹೋಗಿ ತಗೊಳ್ಳಿ. ನಾನು ಈಗ ಮಾಡೋದು ಹಾಗೇ, ಡಬ್ಬಿಯ ಹಿಂದುಗಡೆ ಫೋಟೋ, ಕೆಳಗೆ ಒಂದೇ ಸಾಲು: ಇದು ನನ್ನ ರಾತ್ರಿ ಮಾತ್ರೆ ಜೊತೆ ಆಗತ್ತಾ, ಎಷ್ಟು ಗಂಟೆ ಬಿಡಬೇಕು.